ಬೇಲಿಯೊಳಗಿನ ಅಶೋಕ

೯ ಫೆಬ್ರುವರಿ ೨೦೨೫, ರವಿವಾರ

ಉದ್ಯಾನದ ನಲ್ಲಿಗೆ ಬೀಗ ಹಾಕಿದ್ದಾರೆ.

ನಲ್ಲಿಯ ಸುತ್ತ ತಗಡಿನ ಪೆಟ್ಟಿಗೆ, ಪೆಟ್ಟಿಗೆಗೆ ಹಿತ್ತಾಳೆಯ ಹೊಸ ಬೀಗ. ಕೀಲಿ ಉದ್ಯಾನ ಸಮಿತಿಯ ಅಧ್ಯಕ್ಷ ರಾಜಶೇಖರನ ಕಿಸೆಯಲ್ಲಿ. ಖಾಲಿ ಬಕೀಟು ಹಿಡಿದುಕೊಂಡೇ ಅವನ ಮನೆಗೆ ಹೋದೆ. ಉದ್ಯಾನದ ಎದುರಿಗೇ ಮನೆ. ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಕಾಳಿನ ದಲಾಲಿ ಅಂಗಡಿ ಇಟ್ಟವನು. ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನನ್ನ ನೋಡಿ ಎದ್ದು ಕೈ ಮುಗಿದ. ಕೈ ಮುಗಿಯುವುದರಲ್ಲಿ ಈ ಜನ ಎಂದೂ ಕಡಿಮೆ ಮಾಡಿಲ್ಲ.

"ನೀರಿನ ತ್ರಾಸ ನಿಮಗ ಗೊತ್ತ ಐತೆಲ್ರೀ ಮೇಡಮ್ಮರ. ವಾರಕ್ಕೊಮ್ಮೆ ಬಿಡತಾರ. ಎಲ್ಲಿಂದ ತರೂದ್ರಿ?"

"ಮುಂಜಾನಿ ಲಾನಿಗೆ ಪೈಪ್ ಬಿಟ್ಟಿದ್ರಲ್ರಿ."

"ಲಾನ್ ಎಲ್ಲಾರದ್ರಿ. ಆ ಗಿಡ ನಿಮ್ಮದು."

ನಿಮ್ಮದು. ಆರು ವರ್ಷದಿಂದ ನವನಗರದ ಈ ಓಣಿಯಲ್ಲಿ ಆ ಗಿಡಕ್ಕೆ ಬೇರೆ ಹೆಸರಿಲ್ಲ. ಬೇವಿಗೆ ಬೇವು ಅನ್ನುತ್ತಾರೆ, ಗುಲ್‌ಮೊಹರಿಗೆ ಗುಲ್‌ಮೊಹರು ಅನ್ನುತ್ತಾರೆ, ಅಶೋಕಕ್ಕೆ ಮಾತ್ರ "ಅವರ ಗಿಡ" ಅನ್ನುತ್ತಾರೆ. ಅವರು ಅಂದರೆ ಯಾರು ಅಂತ ಬಾಯಿಬಿಟ್ಟು ಹೇಳುವ ಎದೆ ಒಬ್ಬರಿಗೂ ಇಲ್ಲ.

ಅಪ್ಪ ಅರ್ಜುನಪ್ಪ ಅದನ್ನು ನೆಟ್ಟದ್ದು ೨೦೧೯ರ ಏಪ್ರಿಲ್ ಹದಿನಾಲ್ಕಕ್ಕೆ, ಬಾಬಾಸಾಹೇಬರ ಜಯಂತಿಯ ದಿನ. ಬುದ್ಧನ ತಾಯಿ ಹೆರಿಗೆ ನೋವಿನಲ್ಲಿ ಕೈ ಚಾಚಿ ಹಿಡಿದ ಕೊಂಬೆ ಅಶೋಕದ್ದೇ ಎಂದು ಅಪ್ಪ ಬಲವಾಗಿ ನಂಬಿದ್ದ. ನಮ್ಮ ಅಂಗಳದಲ್ಲೇ ಜಾಗವಿತ್ತು. "ಇಲ್ಲೇ ಹಚ್ಚೂಣಪಾ" ಅಂದೆ. "ಮನ್ಯಾಗ ಹಚ್ಚಿದ್ರ ನಮ್ಮದಾಕ್ಕೇತಿ. ಅಲ್ಲಿ ಹಚ್ಚಿದ್ರ ಎಲ್ಲಾರೂ ಮುಟ್ಟತಾರ. ಮುಟ್ಲಿ" ಅಂದ. ಎರಡು ವರ್ಷಕ್ಕೆ ಕೊರೋನಾ ಅಪ್ಪನನ್ನು ಒಯ್ದಿತು. ಗಿಡ ಉಳಿಯಿತು. ಇನ್ನೂ ಹೂ ಬಿಟ್ಟಿಲ್ಲ.

ಈಗ ಅದೇ ಜಾಗದಲ್ಲಿ ಕಾಂಕ್ರೀಟಿನ ವೇದಿಕೆ ಕಟ್ಟಬೇಕಂತೆ. ಉದ್ಯಾನಕ್ಕೆ ನಾಲ್ಕು ಮೂಲೆ, ಮೂರು ಖಾಲಿ ಬಿದ್ದಿವೆ. ಹಸಿರು ಗಿಡ ಕಡಿಯಬೇಕಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಒಣಗಿದ್ದನ್ನು ಯಾರು ಕೇಳುತ್ತಾರೆ? ಅದಕ್ಕೇ ಈ ಬೀಗ. ಕೊಡಲಿ ಎತ್ತುವ ಧೈರ್ಯವಿಲ್ಲದವರು ನೀರು ನಿಲ್ಲಿಸುತ್ತಾರೆ. ಇವರ ಅಜ್ಜಂದಿರ ವಿದ್ಯೆ ಇದು. ಅವ್ವನ ತವರಿನಲ್ಲಿ ಬಾವಿಗೆ ಬೀಗವಿರಲಿಲ್ಲ, ಕಾವಲಿತ್ತು. ಮೇಲೆ ನಿಂತವರು ಎತ್ತರದಿಂದ ಸುರಿಯುತ್ತಿದ್ದರು, ಅವ್ವ ಕೆಳಗೆ ದೂರ ನಿಂತು ಕೊಡ ಒಡ್ಡುತ್ತಿದ್ದಳು. ಅರ್ಧ ನೀರು ಮಣ್ಣಿಗೆ ಹೋಗುತ್ತಿತ್ತಂತೆ.

ಈ ಬೇಸಿಗೆಯಲ್ಲಿ ಗಿಡ ಸಾಯಬಾರದು. ಸಾಯಲು ಬಿಡುವುದಿಲ್ಲ.

೧೫ ಫೆಬ್ರುವರಿ, ಶನಿವಾರ

ನಮ್ಮ ಸಂಪಿನ ನೀರನ್ನೇ ಹೊರುತ್ತಿದ್ದೇನೆ. ದಿನಕ್ಕೆರಡು ಬಕೀಟು. ಅವ್ವ ಉಡಚವ್ವ ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿಡುತ್ತಾಳೆ. ಹುಲಗೇಶ ರೈಲ್ವೆ ವರ್ಕ್‌ಶಾಪಿನಿಂದ ಬಂದವನೇ ಮೊಣಕೈವರೆಗಿನ ಗ್ರೀಸ್ ತೋರಿಸಿದ.

"ನಿನ್ನ ಗಿಡ ಕುಡದ ಮ್ಯಾಲೆ ಗಂಡಗ ಒಂದ ತಂಬಗಿ ಉಳಸ್ತೀಯೋ, ಇಲ್ಲಾ ನಾನೂ ಉದ್ಯಾನದಾಗ ಹೋಗಿ ನಿಲ್ಲಲೋ?"

"ನಿಲ್ಲು. ರಾಜಶೇಖರ ನಿನಗೂ ಬೀಗಾ ಹಾಕತಾನ."

ಅವ್ವ ನಕ್ಕಳು. ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಉದ್ಯಾನ ಗುಡಿಸಲು ಬರುವವಳು ಕಸ್ತೂರೆವ್ವ. ಪಾಲಿಕೆಯವಳು, ಗಬ್ಬೂರಿನವಳು, ನಮ್ಮವಳೇ. ಸಂಘಟನೆಯ ದಿನಗಳಲ್ಲಿ ಗಬ್ಬೂರಿನಲ್ಲಿ ನಾನು ನಡೆಸುತ್ತಿದ್ದ ರಾತ್ರಿ ಶಾಲೆಗೆ ಬರುತ್ತಿದ್ದಳು. ಕಾಗುಣಿತ ಎಲ್ಲರಿಗಿಂತ ಮೊದಲು ಮುಗಿಸಿದ್ದು ಅವಳೇ. ಈಗಲೂ ನಾನು ಅವಳಿಗೆ "ಅಕ್ಕೋರು". ಗುಡಿಸಿದ ಒಣ ಎಲೆಯ ತರಗನ್ನು ಸುಡದೆ ಬುಟ್ಟಿಯಲ್ಲಿ ತಂದು ಅಶೋಕದ ಬುಡಕ್ಕೆ ಸುರಿಯುತ್ತಾಳೆ, ಕಾಲಿನಿಂದ ಒತ್ತುತ್ತಾಳೆ.

"ಬಿಸಲಿಗೆ ಬುಡಾ ಕಾಯಬಾರದ್ರೀ ಅಕ್ಕೋರ. ನಮ್ಮ ತಲೀಮ್ಯಾಲೆ ಸೆರಗ ಇದ್ದಂಗ ಇದಕ್ಕ ಇದು."

ಕೈಯಿಂದ ಕಾಂಡವನ್ನು ಒಮ್ಮೆ ತಟ್ಟಿ ಮುಂದೆ ಹೋಗುತ್ತಾಳೆ, ಎಮ್ಮೆಯ ಬೆನ್ನು ತಟ್ಟಿದ ಹಾಗೆ.

೧ ಮಾರ್ಚ್, ಶನಿವಾರ

ಚಿಗುರಿದೆ!

ತುದಿತುದಿಗೆ ಕಂದುಗೆಂಪು ಗೊಂಚಲು. ಎಲೆ ಎಷ್ಟು ಮೆತ್ತಗೆಂದರೆ ನಿಲ್ಲಲು ತ್ರಾಣವಿಲ್ಲ. ಹಿಂಡಿ ಒಣಹಾಕಿದ ಅರಿವೆಯಂತೆ ಜೋತುಬಿದ್ದಿವೆ. ಈ ಗಿಡದ ಗುಣವೇ ಹಾಗೆ. ಹುಟ್ಟುವಾಗ ಬಾಡಿದಂತೆ ಹುಟ್ಟುತ್ತದೆ, ಬಲಿತಂತೆ ನೆಟ್ಟಗಾಗುತ್ತದೆ, ಹಸಿರಾಗುತ್ತದೆ. ತಲೆ ತಗ್ಗಿಸಿ ಹುಟ್ಟಿ, ಆಮೇಲೆ ಎತ್ತುವ ಎಲೆ. ಅಪ್ಪ ಊರಲ್ಲಿರುವ ಗಿಡವನ್ನೆಲ್ಲ ಬಿಟ್ಟು ಇದನ್ನೇ ಯಾಕೆ ಹುಡುಕಿ ತಂದ ಅಂತ ಇವತ್ತು ತಿಳಿಯಿತು.

೫ ಮಾರ್ಚ್, ಬುಧವಾರ

ಥೂ ಇವರ ಜಾಣತನಕ್ಕೆ!

ಓಣಿಯ ವಾಟ್ಸಾಪ್ ಗುಂಪಿನಲ್ಲಿ ರಾಜಶೇಖರ ಫೋಟೋ ಹಾಕಿದ್ದಾನೆ. ನನ್ನ ಚಿಗುರಿನ ಫೋಟೋ. ಕೆಳಗೆ ಬರೆದಿದ್ದಾನೆ: "ಸದರಿ ಗಿಡವು ಸಂಪೂರ್ಣ ಬಾಡಿ ಒಣಗಿದ್ದು, ತೆರವುಗೊಳಿಸಲು ಎಲ್ಲರ ಸಮ್ಮತಿ ಕೋರಲಾಗಿದೆ." ಮುಂಜಾನೆಯಿಂದ ಹೆಬ್ಬೆರಳುಗಳು ಸಾಲಾಗಿ ಎದ್ದು ನಿಲ್ಲುತ್ತಿವೆ. ನಾನು ಕಲಿಸುವ ಶಾಲೆಯ ಹೆಡ್‌ಮಾಸ್ತರರೂ ಹೆಬ್ಬೆರಳು ಎತ್ತಿದ್ದಾರೆ. ವಿಜ್ಞಾನ ಕಲಿಸುವ ಮನುಷ್ಯ! ಒಬ್ಬನಾದರೂ ರಸ್ತೆ ದಾಟಿ ಬಂದು ಎಲೆ ಮುಟ್ಟಿ ನೋಡಲಿಲ್ಲ. ಹುಟ್ಟಿದ ಕೂಸನ್ನು ಹೆಣ ಅಂತ ಸಾರಿದರು, ಊರೆಲ್ಲ ಹೌದು ಹೌದು ಅಂದಿತು.

ಸಿಟ್ಟಿನಲ್ಲಿ ಉದ್ದಕ್ಕೆ ಬರೆದೆ. ಹುಲಗೇಶ ಫೋನು ಕಸಿದುಕೊಂಡ. "ಬೈಗಳಾ ತಗಿ, ಗಿಡದ್ದ ಬಿಡು" ಅಂದ. ಬೈಗುಳ ತೆಗೆದ ಮೇಲೆ ಎರಡೇ ಸಾಲು ಉಳಿಯಿತು. ಅದನ್ನೇ ಕಳಿಸಿದೆ. ರವಿವಾರ ಸಭೆ ಕರೆದಿದ್ದಾರೆ.

೯ ಮಾರ್ಚ್, ರವಿವಾರ

ಸಭೆ ಉದ್ಯಾನದಲ್ಲೇ ನಡೆಯಿತು. ಕುರ್ಚಿಗಳನ್ನೆಲ್ಲ ಬೇವಿನ ನೆರಳಿಗೆ ಹಾಕಿದ್ದರು. ಅಶೋಕ ಆ ಮೂಲೆಯಲ್ಲಿ ಆರೋಪಿಯಂತೆ ಬಿಸಿಲಿಗೆ ನಿಂತಿತ್ತು.

ರಾಜಶೇಖರ ಸಣ್ಣ ದನಿಯಲ್ಲೇ ಶುರು ಮಾಡಿದ. "ಮೇಡಮ್ಮರ ಬೇಜಾರ ಮಾಡ್ಕೋಬ್ಯಾಡ್ರಿ. ಅಶೋಕ ಅಂದ್ರ ನಮ್ಮ ಕಂಪೌಂಡಿನವು ನೋಡ್ರಿ, ಸಿಪಾಯಿ ನಿಂತಂಗ ನಿಂತಾವು. ನಿಮ್ಮದು ನೋಡ್ರಿ, ಡೊಂಕ ಅಂದ್ರ ಡೊಂಕ."

"ನಿಮ್ಮ ಕಂಪೌಂಡಿನವು ಅಶೋಕ ಅಲ್ರಿ. ಅಶೋಕನ ಹೆಸರ ಇಟ್ಕೊಂಡ ಕಂಬ."

ಹಿಂದೆ ಕೂತ ಹೆಂಗಸರು ನಕ್ಕರು. ಅವನ ಕಿವಿ ಕೆಂಪಾಯಿತು.

ಎಲ್ಲರನ್ನೂ ಎಬ್ಬಿಸಿ ಗಿಡದ ಹತ್ತಿರ ಕರೆದುಕೊಂಡು ಹೋದೆ. ಬರಲು ಮನಸ್ಸಿಲ್ಲದವರೂ ಬಂದರು. ಜೋತುಬಿದ್ದ ಎಲೆ ಹಿಡಿದು, "ಮುಟ್ರಿ, ಮುಟ್ಟಿ ನೋಡ್ರಿ, ಒಣಗಿದ್ದು ಹಿಂಗ ತಂಪ ಇರತೈತೇನ್ರಿ?" ಅಂದೆ. ಮೂರು ನಾಲ್ಕು ಜನ ಮುಟ್ಟಿದರು. ಒಬ್ಬ ಮುದುಕಿ ಎಲೆಯನ್ನು ಗಲ್ಲಕ್ಕೆ ಒತ್ತಿಕೊಂಡು, "ಹೌದ್ ನೋಡ ಯವ್ವಾ, ಕೂಸಿನ ಕಿವಿ ಇದ್ದಂಗ ಐತಿ" ಅಂದಳು.

ಯುಗಾದಿಯವರೆಗೆ ಕಾಯುವುದು ಅಂತ ಠರಾವಾಯಿತು. ಅಷ್ಟರಲ್ಲಿ ಎಲೆ ಹಸಿರಾದರೆ ಗಿಡ ಉಳಿಯುತ್ತದೆ, ಇಲ್ಲವಾದರೆ ವೇದಿಕೆ ಏಳುತ್ತದೆ. ಹೋಗುವಾಗ ರಾಜಶೇಖರ ನಗುತ್ತಲೇ ಅಂದ: "ಸಮಿತಿಯವ್ರು ಮುಟ್ಟೂದಿಲ್ರಿ. ಆದ್ರ ಕಾಮಣ್ಣನ ಹಬ್ಬ ಬಂತು. ಹುಡುಗೂರು ಕಟಿಗಿ ಕದಿಯೂದು ನಮ್ಮ ಪದ್ಧತಿ. ಅವ್ರು ಒಯ್ದರ ನಾ ಏನ ಮಾಡ್ಲಿ?"

೧೬ ಮಾರ್ಚ್, ರವಿವಾರ

ಅವನು ಹೇಳಿದ್ದು ಹುಸಿಯಾಗಲಿಲ್ಲ. ಸಂಜೆ ಹುಡುಗರ ಗುಂಪು ಕುಡಗೋಲು ತಂದಿತ್ತು. ನಾನು ಹೋಗುವಷ್ಟರಲ್ಲಿ ಕೆಳಗಿನ ಕೊಂಬೆ ಮುರಿದು ಎಳೆಯುತ್ತಿದ್ದರು. ಕಾಮಣ್ಣನನ್ನು ಸುಡಲು ಕದ್ದ ಕಟ್ಟಿಗೆಗೆ ಬೈಯಬಾರದು ಅನ್ನುವುದು ಹುಬ್ಬಳ್ಳಿ ಧಾರವಾಡದ ಕಾನೂನು. ನಾನು ಬೈದೆ. ಕೊಂಬೆ ಕಸಿದುಕೊಂಡೆ.

"ಒಣಗಿದ ಗಿಡ ಅಂತ ಕಾಕಾ ಹೇಳ್ಯಾರ್ರಿ" ಅಂದ ಒಬ್ಬ.

"ಹಸೀ ಐತಿ ನೋಡೋ, ಕಣ್ಣ ತಗದ ನೋಡು!"

ಮುರಿದ ಬಾಯಲ್ಲಿ ತೇವ ಒಸರುತ್ತಿತ್ತು. ಹುಡುಗ ನೋಡಿದ. ತಲೆ ತಗ್ಗಿಸಿದ. ಹೋದರು.

ಇನ್ನು ಮೇಲೆ ಸಂಜೆ ಶಾಲೆ ಮುಗಿಸಿ ಬಂದವಳೇ ಗಿಡದ ಹತ್ತಿರ ಕುರ್ಚಿ ಹಾಕಿ ಕೂರುತ್ತೇನೆ. ಉತ್ತರಪತ್ರಿಕೆ ತಿದ್ದುವುದೂ ಅಲ್ಲೇ. ಯಾರು ಹಾದುಹೋದರೂ ಕತ್ತೆತ್ತಿ ನೋಡುತ್ತೇನೆ. ನೋಡುತ್ತೇನೆ ಅಂತ ಅವರಿಗೆ ಗೊತ್ತಾಗಬೇಕು.

೨೭ ಮಾರ್ಚ್, ಗುರುವಾರ

ಎಲೆಗಳು ಎದ್ದವು. ಹಸಿರು. ಚರ್ಮದಷ್ಟು ಗಟ್ಟಿ.

ಫೋಟೋ ಗುಂಪಿಗೆ ಹಾಕಿದೆ. ಒಂದೂ ಹೆಬ್ಬೆರಳಿಲ್ಲ. ಬೇಕಾಗಿಯೂ ಇಲ್ಲ.

ಗೆದ್ದೆ.

೪ ಏಪ್ರಿಲ್, ಶುಕ್ರವಾರ

ಗೆದ್ದೆ ಅಂತ ಬರೆದ ಕೈ ಮುರಿಯಬೇಕು.

ಉದ್ಯಾನದ ಕಾಲುದಾರಿಗೆ ಸಿಮೆಂಟು ಹಾಕಿಸುತ್ತಿದ್ದಾರೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ಉಳಿದ ಸಿಮೆಂಟಿನ ರಾಡಿಯನ್ನೆಲ್ಲ ಅಶೋಕದ ಬುಡದ ಪಾತಿಯಲ್ಲಿ ಸುರಿದಿದ್ದರು. ಕಸ್ತೂರೆವ್ವ ಹಾಕಿದ ತರಗಿನ ಮೇಲೆ ಬಿದ್ದು ಬಿಸಿಲಿಗೆ ಕಲ್ಲಾಗುತ್ತಿತ್ತು. ಅವಳು ಬುಟ್ಟಿ ಚೆಲ್ಲಿ ಬರಿಗೈಯಿಂದ ಕೆರೆಯುತ್ತಿದ್ದಳು. ಹುಲಗೇಶನಿಗೆ ಫೋನು ಮಾಡಿದೆ, ಕಬ್ಬಿಣದ ಹಾರೆ ತಂದ. ಮೂವರೂ ಸೇರಿ ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಒಡೆದೆವು. ಕೆಳಗಿನ ತರಗು ಅಡ್ಡ ಬಂದಿತ್ತು, ಬೇರಿಗೆ ಹೆಚ್ಚು ಇಳಿದಿರಲಿಲ್ಲ.

"ಗೌಂಡಿಗೆ ತಿಳೀಲಿಲ್ರೀ ಮೇಡಮ್ಮರ" ಅಂದ ರಾಜಶೇಖರ, ಪಡಸಾಲೆಯಿಂದ ಇಳಿಯದೆ.

"ಗೌಂಡಿಗೆ ಯಾರು ತಿಳಿಸಿದ್ರು ಅದು ತಿಳದೈತ್ರಿ ನನಗ."

ಕಸ್ತೂರೆವ್ವನ ಬೆರಳು ಸಿಮೆಂಟಿಗೆ ಸುಟ್ಟು ಬೆಳ್ಳಗಾಗಿದ್ದವು. ಕೊಬ್ಬರಿ ಎಣ್ಣೆ ಕೊಟ್ಟು ಕಳಿಸಿದೆ.

ಸಾಕು. ಇಷ್ಟು ದಿನ ನಂಬಿದ್ದೇ ತಪ್ಪು. ಬಯಲಲ್ಲಿ ಬಿಟ್ಟರೆ ಇವರು ಇವತ್ತಲ್ಲ ನಾಳೆ ಕೊಲ್ಲುತ್ತಾರೆ.

೭ ಏಪ್ರಿಲ್, ಸೋಮವಾರ

ಬೇಲಿ ಆಯಿತು.

ಎದೆಮಟ್ಟದ ತಂತಿಬೇಲಿ, ನಾಲ್ಕು ಕಬ್ಬಿಣದ ಕಂಬ, ಒಂದು ಸಣ್ಣ ಬಾಗಿಲು. ಬಾಗಿಲನ್ನು ಹುಲಗೇಶ ತಾನೇ ಬೆಸೆದ. ಬೀಗಕ್ಕೆ ಹುಬ್ಬಳ್ಳಿಯ ಅಂಗಡಿಗೆ ನಾನೇ ಹೋಗಿ ಆರಿಸಿ ತಂದೆ. ಸಮಿತಿಯ ಬೀಗಕ್ಕಿಂತ ಒಂದು ಕೈ ಮಿಗಿಲು. ಕೀಲಿ ಒಂದೇ, ನನ್ನ ಪರ್ಸಿನಲ್ಲಿ.

ಬೋರ್ಡನ್ನೂ ನಾನೇ ಬರೆದೆ, ನೀಲಿ ಬಣ್ಣದಲ್ಲಿ: "ಈ ಗಿಡವನ್ನು ಯಾರೂ ಮುಟ್ಟಬಾರದು." ಅಕ್ಷರ ದುಂಡಗೆ ಬಂದಿವೆ, ದೂರದಿಂದಲೇ ಓದಬಹುದು.

ಹುಲಗೇಶ ಸುತ್ತಿಗೆ ಹಿಡಿದುಕೊಂಡೇ ಬಹಳ ಹೊತ್ತು ಬೋರ್ಡು ನೋಡಿದ. "ಬ್ಯಾರೆ ಏನರ ಬರೀಬೇಕಿತ್ತ ನೋಡು" ಅಂದ.

"ಏನ ಬರೀಬೇಕಿತ್ತು?"

"ಗೊತ್ತಿಲ್ಲ." ಮೊಳೆ ಹೊಡೆದ.

ಇಂದು ನೆಮ್ಮದಿಯಾಗಿ ಮಲಗುತ್ತೇನೆ. ನನ್ನ ಗಿಡ ಭದ್ರವಾಗಿದೆ.

೧೪ ಏಪ್ರಿಲ್, ಸೋಮವಾರ

ಜಯಂತಿ. ಪ್ರತಿ ವರ್ಷದಂತೆ ನಮ್ಮ ಮಂದಿಯೆಲ್ಲ ಗಿಡದ ಮುಂದೆ ಸೇರಿದ್ದೆವು. ಮೊದಲೆಲ್ಲ ಮಕ್ಕಳು ಬುಡಕ್ಕೆ ನುಗ್ಗಿ, ನಾ ಮೊದಲು ನೀ ಮೊದಲು ಅಂತ ನೀರು ಹಾಕಿ ರಾಡಿ ಮಾಡುತ್ತಿದ್ದವು. ಈ ಸಲ ಗದ್ದಲವಿರಲಿಲ್ಲ. ನಾನೊಬ್ಬಳೇ ಒಳಗೆ ಹೋಗಿ ನೀರು ಹಾಕಿದೆ. ಉಳಿದವರೆಲ್ಲ ಬೇಲಿಯ ಹೊರಗೆ ನಿಂತು ಕೈ ಮುಗಿದರು. ಕಸ್ತೂರೆವ್ವನೂ ಬಂದಿದ್ದಳು, ಹಿಂದೆ ನಿಂತಿದ್ದಳು.

ಶಿಸ್ತಾಗಿ ನಡೆಯಿತು. ಲಗೂ ಮುಗಿಯಿತು.

ಅವ್ವ ಯಾಕೋ ಮಧ್ಯದಲ್ಲೇ ಮನೆಗೆ ಹೋಗಿ ಮಲಗಿದ್ದಳು. ಬಿಸಿಲು ತಡೆಯಲಿಲ್ಲ ಅನ್ನಿಸುತ್ತದೆ.

೨೧ ಏಪ್ರಿಲ್, ಸೋಮವಾರ

ಯಾರನ್ನು ನಂಬುವುದು?

ಮುಂಜಾನೆ ಬೇಲಿಯ ಬಾಗಿಲು ತೆರೆದಿಟ್ಟು ಇನ್ನೊಂದು ಬಕೀಟು ತರಲು ಮನೆಗೆ ಹೋಗಿದ್ದೆ. ತಿರುಗಿ ಬಂದರೆ ಕಸ್ತೂರೆವ್ವ ಒಳಗೆ ಕುಕ್ಕರಗಾಲಲ್ಲಿ ಕೂತು ಕುಡಗೋಲಿನ ಮೊನೆಯಿಂದ ಕಾಂಡದ ತೊಗಟೆ ಸುಲಿಯುತ್ತಿದ್ದಾಳೆ! ಅಂಗೈ ಅಗಲ ಸುಲಿದಿದ್ದಳು. ಒಳಗಿನ ಕೆಂಪು ಕಾಣುತ್ತಿತ್ತು.

"ಏ! ಮುಟ್ಟಬ್ಯಾಡ! ದೂರ ಸರಿ!"

ಅವಳ ಕೈಯಿಂದ ಕುಡಗೋಲು ಬಿತ್ತು.

"ಅಕ್ಕೋರ, ಮಗಳಿಗೆ ರಕ್ತ ಹೋಗೂದು ನಿಲ್ಲವಲ್ದ್ರಿ. ಈ ಚಕ್ಕಿ ಕುದಿಸಿ ಕೊಟ್ರ ನಿಲ್ಲತೈತಿ ಅಂತ..."

"ಅದಕ್ಕ ದವಾಖಾನಿ ಐತಿ. ಗಿಡಾ ಸುಲ್ಯಾಕ ನಿನಗ ಯಾರ ಹೇಳಿದ್ರು? ಹೊರಗ ನಡಿ ಮೊದಲ."

ಅವಳು ಎದ್ದಳು. ಸೆರಗನ್ನು ಮೈಗೆ ಒತ್ತಿ ಹಿಡಿದುಕೊಂಡು, ತಂತಿಗೂ ತಾಗದಂತೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಾಗಿಲು ದಾಟಿದಳು. ಸುಲಿದ ತೊಗಟೆಯನ್ನು ಕೈಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟಳು.

ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಸುತ್ತಲೂ ಸುಲಿದರೆ ಗಿಡ ಸಾಯುತ್ತದೆ. ನಮ್ಮವಳಾದರೇನು, ಕಾನೂನು ಎಲ್ಲರಿಗೂ ಒಂದೇ.

ರಾಜಶೇಖರ ಪಡಸಾಲೆಯಲ್ಲಿ ನಿಂತು ಎಲ್ಲ ನೋಡಿದ್ದ. ಇವತ್ತು ತಾನಾಗಿ ಇಳಿದು ಬಂದ. "ಭಾಳ ಛಲೋ ಮಾಡಿದ್ರೀ ಮೇಡಮ್ಮರ. ಇಂಥವ್ರಿಗೆ ಹಂಗ ಹೇಳಬೇಕ್ರಿ. ಇಲ್ಲಾಂದ್ರ ತಲೀಮ್ಯಾಲೆ ಕುಂದರತಾರ."

ಮಧ್ಯಾಹ್ನ ಊಟ ಸೇರಲಿಲ್ಲ. ಬಿಸಿಲಿಗಿರಬೇಕು.

೨ ಮೇ, ಶುಕ್ರವಾರ

ಎಲೆಯ ಅಂಚು ಕಂದಾಗುತ್ತಿದೆ. ಇದು ಚಿಗುರಲ್ಲ. ಮುಟ್ಟಿದರೆ ಪುಡಿಯಾಗುತ್ತದೆ.

ನೀರು ಹೆಚ್ಚಿಸಿದೆ.

೮ ಮೇ, ಗುರುವಾರ

ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಬುಡದ ಮಣ್ಣು ಬಿರಿದು ಬೆರಳು ತೂರುವಷ್ಟು ಸೀಳಾಗಿದೆ. ಮೇಲಿನ ಎರಡು ಕೊಂಬೆ ಪೂರಾ ಕಂದು. ಹೀಗೇ ಹೋದರೆ ರಾಜಶೇಖರ ಫೋಟೋ ಹಾಕಬೇಕಿಲ್ಲ, ನಾನೇ ಹಾಕಬೇಕಾಗುತ್ತದೆ.

ಏನು ಬಿಸಾಕಿದ್ದಾರೋ ಬೇಲಿಯೊಳಗೆ! ಮಣ್ಣು ಮೂಸಿ ನೋಡಿದೆ. ಏನೂ ಇಲ್ಲ.

ಹುಲಗೇಶ ಬಂದು ನೋಡಿದ. "ತರಗ ಎಲ್ಲಿ?"

"ಯಾವ ತರಗು?"

"ಕಸ್ತೂರೆವ್ವ ಹಾಕತಿದ್ದಳಲ್ಲ. ಬುಡಾ ಬೋಳ ಐತಿ ನೋಡು. ಅಕಿ ಈ ಕಡೀಗೆ ಬರೂದ ಬಿಟ್ಟಾಳ. ಬೇಲೀತನಕ ಗುಡಸತಾಳ, ಸುತ್ತ ಹಾದು ಹೋಗತಾಳ."

"ಸಿಟ್ಟ ಮಾಡ್ಕೊಂಡಿರಬೇಕು."

"ಸಿಟ್ಟ?" ಅಂದ ಅವನು. ಬೋರ್ಡಿನ ಕಡೆ ಒಮ್ಮೆ ನೋಡಿ ಮನೆಗೆ ನಡೆದ.

ನಾನೇ ಹೋಗಿ ನಾಲ್ಕು ಬುಟ್ಟಿ ತರಗು ತಂದು ಹಾಕಿದೆ. ಸಂಜೆಯ ಗಾಳಿಗೆ ಎಲ್ಲವೂ ಹಾರಿ ತಂತಿಗೆ ಅಂಟಿಕೊಂಡವು. ಕಾಲಿನಿಂದ ಒತ್ತುವುದು ಮರೆತಿದ್ದೆ.

೧೨ ಮೇ, ಸೋಮವಾರ

ಬುದ್ಧಪೂರ್ಣಿಮೆ. ಧಾರವಾಡದಲ್ಲಿ ಕಾರ್ಯಕ್ರಮ. ನನಗೆ ಕೊಟ್ಟ ವಿಷಯ ಮಹಾಡದ ಕೆರೆ. ಮುಟ್ಟಬಾರದೆಂದ ಆ ನೀರು ಮುಟ್ಟಲು ಬಾಬಾಸಾಹೇಬರ ಜೊತೆ ನಡೆದುಹೋದ ಸಾವಿರಾರು ಜನರ ಬಗ್ಗೆ ಮಾತಾಡಿದೆ. ಚೆನ್ನಾಗಿ ಮಾತಾಡಿದೆ. ಚಪ್ಪಾಳೆ ಬಿತ್ತು.

ಧಾರವಾಡದಿಂದ ಬರುವ ಚಿಗರಿ ಬಸ್ಸು ಇಳಿದು ಉದ್ಯಾನದ ಮುಂದೆ ಬರುವಾಗ ಹೊತ್ತು ಇನ್ನೂ ಇತ್ತು. ಬೇಲಿಯ ಹತ್ತಿರ ಅವ್ವ ನಿಂತಿದ್ದಳು. ಬಿಳಿ ಸೀರೆ ಉಟ್ಟಿದ್ದಳು. ಕಾಲ ಕೆಳಗೆ ಇಟ್ಟಿಗೆ ಇಟ್ಟುಕೊಂಡಿದ್ದಳು. ಎರಡೂ ಕೈಯಲ್ಲಿ ತಂಬಿಗೆ ಎತ್ತಿ, ಬೇಲಿಯ ಮೇಲಿನಿಂದ, ಎತ್ತರದಿಂದ ಒಳಗೆ ನೀರು ಸುರಿಯುತ್ತಿದ್ದಳು.

ನೀರು ಬುಡಕ್ಕೆ ಬೀಳಲಿಲ್ಲ. ಅರ್ಧ ತಂತಿಯ ಮೇಲೆ ಹೋಯಿತು, ಅರ್ಧ ಮಣ್ಣಿಗೆ.

ಸೆರಗು ತಂತಿಗೆ ತಾಗದಂತೆ ಬಾಯಲ್ಲಿ ಕಚ್ಚಿಕೊಂಡಿದ್ದಳು.

ನಾನು ರಸ್ತೆಯಲ್ಲೇ ನಿಂತೆ. ತಂಬಿಗೆ ಬರಿದಾದ ಮೇಲೆ ಅವಳು ಇಟ್ಟಿಗೆಯಿಂದ ಇಳಿದು ನನ್ನ ನೋಡಿದಳು.

"ಬಂದ್ಯಾ? ನಿಮ್ಮಪ್ಪನ ಗಿಡಕ್ಕ ಹುಣ್ಣಿವಿ ದಿನಾ ಒಂದ ತಂಬಗಿ ನೀರ ಹಾಕೂಣಂತ ಬಂದೆ. ನಿಲಕಲಿಲ್ಲ."

"ಕೀಲಿ ಕೇಳಬಾರದಿತ್ತೇನ ಅವ್ವಾ? ಮುಂಜಾನಿ ಕೇಳಿದ್ರ ಕೊಟ್ಟ ಹೋಗತಿದ್ನೆಲ್ಲ."

"ಕೇಳೂದು ನನಗ ರೂಢಿ ಐತಿ ಬಿಡವಾ. ಜನ್ಮಪೂರ್ತಿ ಕೇಳೇನಿ. ಮಗಳಿಗೆ ಕೇಳೂ ರೂಢಿ ಇಲ್ಲ."

ಸೆರಗಿನಿಂದ ತಂಬಿಗೆ ಒರೆಸಿದಳು. ಬೋರ್ಡಿನ ಕಡೆ ಗದ್ದ ಎತ್ತಿದಳು.

"ಅದರಾಗ ಏನ ಬರದೀಯವಾ? ಜಯಂತಿ ದಿನಾ ಕಸ್ತೂರೆವ್ವನ್ನ ಕೇಳಿದ್ರ ಆಕೀ ಹೇಳಲಿಲ್ಲ. ಹುಲಗ್ಯಾನ್ನ ಕೇಳಿದ್ರ ಅವನೂ ಹೇಳಲಿಲ್ಲ. ಏನ ಬರದೀ?"

ನಾಲ್ಕು ಪದ. ನನ್ನವೇ ದುಂಡು ಅಕ್ಷರ. ಅವ್ವನಿಗೆ ಓದಿ ಹೇಳಲು ನನ್ನಿಂದ ಆಗಲಿಲ್ಲ.

೧೩ ಮೇ, ಮಂಗಳವಾರ

ಗಬ್ಬೂರಿಗೆ ಹೋದೆ. ಬೈಪಾಸಿನ ಬದಿಯ ಆ ಓಣಿಗೆ ಹೋಗದೆ ಎಷ್ಟು ವರ್ಷವಾಗಿತ್ತು! ರಾತ್ರಿ ಶಾಲೆ ನಡೆಯುತ್ತಿದ್ದ ಸಮುದಾಯ ಭವನದಲ್ಲಿ ಈಗ ಯಾರೋ ಟೈರು ತುಂಬಿಟ್ಟಿದ್ದಾರೆ.

ಕಸ್ತೂರೆವ್ವ ಬಾಗಿಲಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಬರ್ರಿ ಅಕ್ಕೋರ. ಒಳಗ ಬರತೀರೋ, ಇಲ್ಲೇ ಕುಂದರತೀರೋ?"

"ಮಗಳು ಹೆಂಗದಾಳ?"

"ಸರಕಾರಿ ದವಾಖಾನ್ಯಾಗ ಇಟ್ಟಿದ್ದೆ. ಎರಡ ಬಾಟ್ಲಿ ರಕ್ತಾ ಏರಿಸಿದ್ರು. ಈಗ ಆರಾಮ ಅದಾಳ್ರಿ."

ಎರಡು ಬಾಟಲಿ. ಅಂದು ನಾನು ಕೇಳಿದ್ದು ಗಿಡದ ಮಾತು ಮಾತ್ರ.

"ಗಿಡಾ ಒಣಗಾಕತ್ತೈತಿ ಕಸ್ತೂರೆವ್ವಾ. ನೀ ತರಗ ಹಾಕೂದ ಬಿಟ್ಟೆಲ್ಲ."

"ಬೋರ್ಡ್ ಐತೆಲ್ರಿ."

"ಆ ಬೋರ್ಡ್ ನಿನಗಲ್ಲ..."

ಅವಳು ಮೊರ ಒಮ್ಮೆ ಕೇರಿದಳು. ಹೊಟ್ಟು ನನ್ನ ಕಾಲಮೇಲೆ ಬಿತ್ತು.

"ಯಾರಿಗೆ ಅಂತ ಅದರಾಗ ಬರದಿಲ್ರಿ ಅಕ್ಕೋರ. ಯಾರೂ ಅಂತ ಬರದೀರಿ. ಓದೇನಿ ನಾ. ನೀವ ಕಲಿಸಿದ ಅಕ್ಷರರೀ."

ಒಳಗಿನಿಂದ ಮಗಳು ಕೆಮ್ಮಿದಳು. ಬೈಪಾಸಿನಲ್ಲಿ ಲಾರಿಗಳು ಸಾಲಾಗಿ ಹೋದವು.

"ಸಮಿತಿಯವ್ರು ಅಂದಿದ್ರ ನಾ ಬೈದ ಬರತಿದ್ದೆ" ಅಂದಳು ಕಸ್ತೂರೆವ್ವ. "ನೀವ ಕಲಿಸೀರಿ ಅದನೂ. ನಿಮಗ ಹೆಂಗ ಬಯ್ಯೂದು ಅದನ್ನ ಕಲಿಸಿಲ್ಲ."

"ಈಗ ಬೈ."

"ಈಗ ಹೊತ್ತ ಇಲ್ರಿ. ಜ್ವಾಳಾ ಬೀಸಾಕ ಹೋಗಬೇಕು." ಮೊರ ಕೆಳಗಿಟ್ಟು ಎದ್ದಳು. "ಚಾ ಕುಡೀತೀರಿಲ್ಲೋ ನಮ್ಮ ಮನ್ಯಾಗ?"

ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಗಿಡದ ಮಾತು ಅವಳು ಮತ್ತೆ ಎತ್ತಲಿಲ್ಲ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

೧೫ ಮೇ, ಗುರುವಾರ

ಬೇಲಿ ಕಿತ್ತೆವು. ಕಂಬಗಳು ಹಟ ಮಾಡಿದವು. ಹುಲಗೇಶ ಒಂದೊಂದನ್ನೂ ಅಗೆದು ತೆಗೆದ. ಮುಗಿದ ಮೇಲೆ, "ಬಾಗಲಾ ಛಲೋ ಆಗಿತ್ತು" ಅಂದ. ಅಷ್ಟೇ.

ಬೋರ್ಡನ್ನು ಅವ್ವ ಮನೆಗೆ ಒಯ್ದು ನೀರಿನ ಪೀಪಾಯಿಗೆ ಮುಚ್ಚಳ ಮಾಡಿದಳು. ಅಕ್ಷರ ಕೆಳಮುಖ.

ರಾಜಶೇಖರ ಬಂದ. "ಇನ್ನ ಯಾರರ ಏನರ ಮಾಡಿದ್ರ ನಮ್ಮ ಮ್ಯಾಲೆ ಬರಬ್ಯಾಡ್ರಿ ಮತ್ತ. ಹೆದರಿಕಿ ಹೋತೇನ್ರಿ ನಿಮ್ಮದು?"

"ಇಲ್ರಿ, ಐತಿ. ನಲ್ಲೀ ಕೀಲಿ ಕೊಡ್ರಿ."

"ಸಮಿತಿಯವ್ರನ್ನ ಕೇಳಬೇಕ್ರಿ."

"ಕೇಳ್ರಿ. ನಾ ಇಲ್ಲೇ ಇರತೇನಿ. ನಾಳೆ ಪೂರಾ ಓಣೀ ಹೆಣ್ಣಮಕ್ಕಳು ಖಾಲಿ ಕೊಡಾ ಹಿಡಕೊಂಡ ನಿಮ್ಮ ಪಡಸಾಲ್ಯಾಗ ಕುಂದರತಾರ."

ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಎಲೆಯನ್ನು ಗಲ್ಲಕ್ಕೆ ಒತ್ತಿಕೊಂಡಿದ್ದ ಆ ಮುದುಕಿಯ ಮನೆಗೆ ಮೊದಲು ಹೋಗಬೇಕು.

೧೮ ಮೇ, ರವಿವಾರ

ಮೊನ್ನೆ ಬಂದದ್ದು ಒಂಬತ್ತೇ ಕೊಡ. ನಲ್ಲಿಯ ಬೀಗ ಇನ್ನೂ ಹಾಗೇ ಇದೆ. ನಾಳೆ ಮತ್ತೆ ಹೋಗುತ್ತೇವೆ.

ಮೇಲಿನ ಕೊಂಬೆಗಳು ಒಣಗಿದವು, ಕತ್ತರಿಸಿದೆ. ಅದರ ಕೆಳಗಿನ ಟೊಂಗೆಯ ಸಂದಿನಲ್ಲಿ ಏನೋ ಕಂದುಗೆಂಪಾದದ್ದು ಜೋತುಬಿದ್ದಿದೆ. ಚಿಗುರೋ, ಸುಟ್ಟ ಎಲೆಯೋ, ಕೆಳಗಿನಿಂದ ತಿಳಿಯುವುದಿಲ್ಲ.

ಮುಂಜಾನೆ ನಾನು ನೀರು ತೆಗೆದುಕೊಂಡು ಹೋಗುವ ಮೊದಲೇ ಯಾರೋ ಬಂದು ಹೋಗಿದ್ದರು. ಬುಡದ ತುಂಬ ತರಗು, ಕಾಲಿನಿಂದ ಗಟ್ಟಿಯಾಗಿ ಒತ್ತಿದ್ದು. ತೊಗಟೆ ಸುಲಿದ ಗಾಯಕ್ಕೆ ಸೆಗಣಿ ಮಣ್ಣು ಕಲಸಿ ಮೆತ್ತಿದ್ದರು. ಮೆತ್ತಿದ ಮೇಲೆ ಅಂಗೈ ಊರಿ ಒತ್ತಿದ್ದರು.

ಇನ್ನೂ ಹಸಿ ಇತ್ತು. ಐದೂ ಬೆರಳು ಎದ್ದು ಕಾಣುತ್ತಿವೆ. ರಸ್ತೆಯಿಂದಲೂ ಕಾಣುತ್ತವೆ. ರಾಜಶೇಖರನ ಪಡಸಾಲೆಯಿಂದಲೂ ಕಾಣಬೇಕು.